ಹಿತ್ತಲಲ್ಲಿ ಬ್ರೂನೋಗೆ ಪಾಠ

ವೆಂಕಟಲಕ್ಷ್ಮಿ ಉಪೇಂದ್ರನಿಗೆ ಮೊದಲು ಕೊಟ್ಟದ್ದು ಒಂದು ಗಾಯ.

ಕಾಡುಗೋಡಿಯ ಅವಳ ಮನೆಯ ಹಿತ್ತಲಲ್ಲಿ ನಾಯಿ ಕಿರುಚುತ್ತಿತ್ತು. ಓಡಿ ಬಂದವಳಿಗೆ ಕಂಡದ್ದು ಬೆಲ್ಟ್ ಹಿಡಿದು ನಿಂತ ಹೊಸ ಬಾಡಿಗೆದಾರ. ಕೈಗೆ ಸಿಕ್ಕ ಹೆಂಚಿನ ಚೂರನ್ನು ಬೀಸಿ ಎಸೆದಳು. ಅವನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು.

"ಬೆಲ್ಟ್ ನಿಮ್ಮಣ್ಣಂದು ಕಣ್ರೀ. ಈಗಷ್ಟೇ ಕಿತ್ಕೊಂಡೆ," ಎಂದ ಅವನು.

ಅಣ್ಣ ಶ್ಯಾಮಣ್ಣ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ. ಕೆರೆಯಲ್ಲಿ ಕೋವಿಯಿಂದ ಬಾತುಕೋಳಿ ಹೊಡೆಯುವ ಶೋಕಿ ಅವನಿಗೆ. ವೈಟ್‌ಫೀಲ್ಡಿನ ದೊರೆಸಾನಿಯೊಬ್ಬಳು ಆಸ್ಟ್ರೇಲಿಯಾಕ್ಕೆ ಹೊರಟಾಗ, ಬಿದ್ದ ಹಕ್ಕಿ ಎತ್ತಿ ತರಲೆಂದು ಅವಳ ರಿಟ್ರೀವರ್ ನಾಯಿ ಬ್ರೂನೋವನ್ನು ತಂದಿದ್ದ. ನಾಯಿ ಎತ್ತುತ್ತಿತ್ತು, ಏಟಿಗೆ ಹೆದರಿ ಹತ್ತಿರ ಬರುತ್ತಿರಲಿಲ್ಲ.

"ದೀಪಾವಳಿ ಒತ್ಗೆ ಕಲೀದಿದ್ರೆ ಇದ್ಕೇ ಒಂದು ಗುಂಡು," ಎಂದು ಶ್ಯಾಮಣ್ಣ ಉಗಿದು ಹೋದ.

ದೊರೆಸಾನಿಯ ಬಂಗಲೆಗೆ ಹಾಲು ಹಾಕುವಾಗ ವೆಂಕಟಲಕ್ಷ್ಮಿ ಅವಳು ನಾಯಿಗೆ ಹೇಳಿಕೊಡುತ್ತಿದ್ದ ಪಾಠಗಳನ್ನು ನೋಡಿದ್ದಳು; ಅದನ್ನೇ ಈಗ ಹಿತ್ತಲಲ್ಲಿ ಶುರುಮಾಡಿದಳು. ಫ್ಯಾಕ್ಟರಿ ಬಿಟ್ಟ ಮೇಲೆ ಉಪೇಂದ್ರ ನೆರವಿಗೆ ಬರತೊಡಗಿದ. ಹಳೆಯ ಕಾಲುಚೀಲಕ್ಕೆ ಹತ್ತಿ ತುಂಬಿ, ಗೋಡೆಗೂ ಹುಲ್ಲಿನ ಬಣವೆಗೂ ನಡುವಿನ ಓಣಿಯಲ್ಲಿ ಸ್ವಲ್ಪವೇ ದೂರಕ್ಕೆ ಎಸೆಯುವುದು. ನಾಯಿ ಅಡ್ಡದಾರಿ ಹಿಡಿಯದಂತೆ ಕೊರಳಿಗೆ ಉದ್ದದ ಹಗ್ಗ. ಕಾಲುಚೀಲ ತಂದರೆ ಕಿತ್ತುಕೊಳ್ಳದೆ, ತಲೆ ಸವರಿ, ಬೆಲ್ಲದ ಚೂರು ಕೊಡುವುದು.

"ಅಟ್ಟಿಸ್ಕೊಂಡ್ ಓದ್ರೆ ಓಡೋಯ್ತದೆ. ಬೆನ್ನು ತಿರುಗ್ಸಿ ನಡೀರಿ, ಅದೇ ಬತ್ತದೆ," ಎಂದಳು.

"ನಿಮ್ಮ ವಿಷ್ಯದಲ್ಲೂ ಹಾಗೇ ಮಾಡ್ಬೇಕಾ?"

"ಮಾಡಿ ನೋಡಿ. ಬೆನ್ನಿಗೂ ಒಂದು ಹೆಂಚು ಬೀಳ್ತದೆ."

ಅವನು ನಕ್ಕಾಗ ಹುಬ್ಬಿನ ಗಾಯ ಬಿರಿಯಿತು. ಅವಳು ಸೆರಗಿನ ತುದಿಯಿಂದ ಒತ್ತಿದಳು. ರಕ್ತ ನಿಂತ ಮೇಲೂ ಕೈ ತೆಗೆಯಲಿಲ್ಲ.

ಹಬ್ಬದ ಹಿಂದಿನ ಸಂಜೆ ಹಗ್ಗ ಬಿಚ್ಚಿದರು. ಹಿತ್ತಲಿನ ಆ ತುದಿಯಿಂದ ಬ್ರೂನೋ ನೇರ ಓಡಿಬಂದು ಕಾಲುಚೀಲವನ್ನು ಅವಳ ಅಂಗೈಯಲ್ಲಿ ಇಟ್ಟಿತು. ಸಂತೋಷ ತಡೆಯಲಾರದೆ ಅವಳು ಉಪೇಂದ್ರನ ಎರಡೂ ಕೈ ಹಿಡಿದುಬಿಟ್ಟಳು.

ಶ್ಯಾಮಣ್ಣ ನೋಡಿದ.

ಕೋವಿಯ ಹಿಡಿಯಿಂದ ಮೊದಲ ಏಟು ಉಪೇಂದ್ರನ ಭುಜಕ್ಕೆ ಬಿತ್ತು. ಮೂಳೆ ಲಟಕ್ಕೆಂದಿತು. ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. "ಬಾಡ್ಗೆಗ್ ಬಂದೋನು ನಮ್ಮ ಮನೆ ಎಣ್ಣಿಗೆ ಕೈ ಹಾಕ್ತೀಯೇನ್ಲಾ!" ಬ್ರೂನೋ ಬೊಗಳುತ್ತ ನುಗ್ಗಿತು. ಶ್ಯಾಮಣ್ಣ ಕೋವಿ ತಿರುಗಿಸಿ ಅದರ ತಲೆಗೆ ಗುರಿಯಿಟ್ಟ.

ವೆಂಕಟಲಕ್ಷ್ಮಿ ನಳಿಗೆಗೆ ಜೋತುಬಿದ್ದಳು. ಗುಂಡು ಗೋಡೆ ಸೀಳಿತು. ನಳಿಗೆಯ ಬಾಯಿಂದ ಸಿಡಿದ ಬೆಂಕಿ ಅವಳ ಅಂಗೈ ಸುಟ್ಟಿತು. ಆದರೂ ಬಿಡದೆ ಎಳೆದುಕೊಂಡು, ಅದೇ ಕೋವಿಯನ್ನು ಬೀಸಿ ಅಣ್ಣನ ಮಂಡಿಗೆ ಹೊಡೆದಳು. ಅವನು ಕುಸಿದು ಕೂತ.

"ಎದ್ರೆ ಇನ್ನೊಂದು ಕಾಲೂ ಮುರೀತೀನಿ," ಎಂದಳು. ಸದ್ದು ಕೇಳಿ ಬಂದ ಅಪ್ಪ ಚಿಕ್ಕಬೈರಪ್ಪ ಮಗನನ್ನು ನೋಡಿದ, ಮಗಳನ್ನು ನೋಡಿದ. ಹೋಗಿ ಗಾಡಿ ಕಟ್ಟಿದ.

ಆಸ್ಪತ್ರೆಯಲ್ಲಿ ಉಪೇಂದ್ರನ ಭುಜಕ್ಕೆ ಪಟ್ಟಿ ಸುತ್ತುತ್ತಿದ್ದ ನರ್ಸ್, ಅಂಗೈಗೆ ಬಟ್ಟೆ ಸುತ್ತಿಕೊಂಡು ಮಂಚದ ಪಕ್ಕ ನಿಂತಿದ್ದವಳನ್ನು ಕೇಳಿದಳು:

"ಇವರಿಗೆ ನೀವು ಏನಾಗ್ಬೇಕಮ್ಮ?"

ವೆಂಕಟಲಕ್ಷ್ಮಿ ಬಾಗಿಲಲ್ಲಿದ್ದ ಅಪ್ಪನ ಕಡೆ ನೋಡಿದಳು. ಆಮೇಲೆ ಮಂಚದ ಕಡೆ.

"ಎಂಡ್ತಿ ಆಗ್ಬೇಕು," ಎಂದಳು.

ನೋವಿಗೆ ಕಣ್ಣು ಮುಚ್ಚಿದ್ದ ಉಪೇಂದ್ರ ಮೆಲ್ಲನೆ ಒಂದು ಕಣ್ಣು ತೆರೆದ.

"ಯಾವಾಗ?"