ಹುಸೇನಪೀರ ಮುಚ್ಚಿದ್ದ ಬಾಗಿಲು

ಕಬ್ಬಿಣದ ಸರಳು ನನ್ನ ಕಿವಿಯ ಹಿಂದೆ ಒತ್ತಿತ್ತು.

"ಎಲ್ಲಿ ಅದಾರ? ಹೇಳ ಲೇ," ಹಿಂದಿನ ಸೀಟಿನಿಂದ ಮಲ್ಲು ಕೇಳಿದ.

ಜೀಪು ಕೆರೂರ ಪೇಟೆಯ ಗದ್ದಲದಲ್ಲಿ ಸಿಕ್ಕಿಕೊಂಡಿತ್ತು. ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್. ಇಂಟರ್ನೆಟ್ಟಿಗಾಗಿ ಅದಕ್ಕೆ ಕೇಬಲ್ ಹಾಕಿದ ಮೊಬೈಲ್. ಸ್ಕ್ರೀನಿನ ಮೇಲೆ ಉತ್ತರ ಆಗಲೇ ಬಂದು ಕೂತಿತ್ತು. ಪಟ್ಟದಕಲ್ಲು.

"ಎರರ್ ಬರಾಕತ್ತೇತಿ," ಎಂದೆ.

ಸುಳ್ಳು. ಎರಡು ದಿನ ಕೂತು ಒಂದೊಂದೇ ಎರರ್ ತೆಗೆದುಹಾಕಿದವನು ನಾನೇ.

ಅದೇ ನನ್ನ ತಪ್ಪು. ಕೇಳಿ...

ನಾನು ರಾಚಯ್ಯ. ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಕಳೆದುಹೋದದ್ದನ್ನು ಹುಡುಕಿಯೂ ಕೊಡುತ್ತೇನೆ. ಅದನ್ನು ಬೋರ್ಡಿನ ಮೇಲೆ ಬರೆಸಿಲ್ಲ. ಎರಡು ಸಾವಿರದ ಎಂಟನೇ ಇಸವಿಯ ಒಂದು ಸೋಮವಾರ ಇಳಕಲ್ಲಿನಿಂದ ಮಲ್ಲು ಬಂದ. ಪವರ್‌ಲೂಮ್ ಮಾಲೀಕ. ಮೃದುವಾದ ಮಾತು.

"ರಾಚಯ್ಯಾರ, ನನ್ನ ಟೆಂಪೊ ತಗೊಂಡು ಡ್ರೈವರ್ ಬೀರೇಶ ಓಡಿಹೋಗ್ಯಾನ್ರಿ. ಜಿಪಿಎಸ್ ಡಬ್ಬಿ ಕೂಡಿಸೇನಿ, ಆದ್ರ ವೆಬ್‌ಸೈಟಿನ್ಯಾಗ ಗಾಡಿ ಕಾಣವಲ್ದು."

ಸುಲಭದ ಕೆಲಸ ಎಂದುಕೊಂಡೆ. ಒಂದು ಸ್ಕ್ರಿಪ್ಟ್ ಬರೆದೆ. ಅದು ಐದು ನಿಮಿಷಕ್ಕೊಮ್ಮೆ ಜಿಪಿಎಸ್ ಕಂಪನಿಯ ಸರ್ವರ್‌ಗೆ ಹೋಗಿ, ಗಾಡಿ ಎಲ್ಲಿದೆ ಎಂದು ಕೇಳಿ ಬರಬೇಕು. ಅಷ್ಟೇ.

ಮೊದಲ ಎರರ್... ಟೈಮ್‌ಔಟ್. ಕಾದರೂ ಉತ್ತರವಿಲ್ಲ ಅಂತ. ಸರ್ವರ್‌ನ ವಿಳಾಸವೇ ಹಳೆಯದಾಗಿತ್ತು. ಬದಲಿಸಿದೆ.

ಎರಡನೆಯದು 401. ನೀನು ಯಾರೋ ಗೊತ್ತಿಲ್ಲ, ಹೋಗು ಅಂತ. ಪಾಸ್‌ವರ್ಡ್ ಸರಿಯಿತ್ತು. ಬೆಳಗಿನಿಂದ ಸಂಜೆಯವರೆಗೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಅವರು ಕೇಳುತ್ತಿದ್ದದ್ದು ಲಂಡನ್ ಟೈಮು, ನಾನು ಕೊಡುತ್ತಿದ್ದದ್ದು ಬಾಗಲಕೋಟೆ ಟೈಮು. ಐದೂವರೆ ತಾಸು ಹಿಂದೆ ಸರಿಸಿದೆ.

ಮೂರನೆಯದು 403. ನೀನು ಯಾರೆಂದು ಗೊತ್ತು, ಆದರೂ ಕೊಡುವುದಿಲ್ಲ.

ಇದು ಮಷೀನಿನ ಮಾತಲ್ಲ. ಬಾಗಿಲ ಹಿಂದೆ ಯಾರೋ ಒಬ್ಬ ಮನುಷ್ಯ ನಿಂತಿದ್ದಾನೆ.

ಹುಬ್ಬಳ್ಳಿಯ ಕಂಪನಿಗೆ ಫೋನ್ ಮಾಡಿದೆ. ಒಂದಲ್ಲ, ಹತ್ತು ಸಲ. ಕೊನೆಗೆ ಸರ್ವರ್ ನೋಡಿಕೊಳ್ಳುವ ಹುಸೇನಪೀರ ಸಿಕ್ಕ.

"ಆ ಗಾಡಿ ನಾನ ಬಂದ್ ಮಾಡೇನ್ರಿ. ಡಬ್ಬಿ ಮ್ಯಾಲಿನ ನಂಬರ್ ನೋಡಿ ಡ್ರೈವರ್ ಫೋನ್ ಹಚ್ಚಿದ್ದ. ಜೀವಕ್ಕ ಸಂಚಕಾರ ಐತಿ ಅಂದ."

"ಕಳ್ಳ ಮತ್ತೇನಂತಾನ್ರಿ?"

"ಅಳಾಕತ್ತಿದ್ದನ್ರೀ ಅವ."

"ಗಾಡಿ ಮಾಲೀಕ ನನ್ನ ಮುಂದ ಕೂತಾನ. ಕಳ್ಳಗ ಸಹಾಯ ಮಾಡಿದಿ ಅಂತ ನಿನ್ನ ಮ್ಯಾಲೂ ಕೇಸ್ ಹಾಕಿಸ್ಲೇನು? ನೌಕರಿ ಉಳೀತೈತೇನು?"

ಆ ಕಡೆ ಕೀಬೋರ್ಡ್ ಬಡಿದ ಸಪ್ಪಳ.

ನನ್ನ ಸ್ಕ್ರೀನಿನ ಮೇಲೆ 200 ಬಂತು. ಎಲ್ಲ ಸರಿ ಇದೆ ಅಂತ. ಗಾಡಿ ಬಾದಾಮಿ ಹತ್ತಿರದ ಬನಶಂಕರಿಯಲ್ಲಿತ್ತು. ನಾನು ಚಪ್ಪಾಳೆ ತಟ್ಟಿದೆ. ಅದೇ ಹುಮ್ಮಸ್ಸಿನಲ್ಲಿ, ಗಾಡಿಯ ಜಾಗ ತಾಸಿಗೊಮ್ಮೆ ಅಂಗಡಿಯ ಕಂಪ್ಯೂಟರಿನಿಂದ ಮಲ್ಲುವಿಗೆ ಎಸ್ಸೆಮ್ಮೆಸ್ ಹೋಗುವಂತೆಯೂ ಮಾಡಿದೆ. ಅವನು ಕೇಳಿರಲಿಲ್ಲ.

ಮಲ್ಲು ಯಾರಿಗೋ ಫೋನ್ ಮಾಡಿದ. "ಸಿಕ್ಕರು," ಎಂದ.

ಗಾಡಿ ಸಿಕ್ಕಿತು ಎನ್ನಲಿಲ್ಲ. ಸಿಕ್ಕರು.

"ಯಾರ್ರಿ ಸಿಕ್ಕರು?" ಎಂದೆ. ಅಷ್ಟರಲ್ಲಿ ಬಾಗಿಲಲ್ಲಿ ಜೀಪು, ಜೀಪಿನಲ್ಲಿ ಇಬ್ಬರು ಗಟ್ಟಿ ಆಳುಗಳು. ಲ್ಯಾಪ್‌ಟಾಪ್ ಸಮೇತ ನನ್ನನ್ನೂ ಹತ್ತಿಸಿದರು. ದಾರಿಯಲ್ಲಿ ಅವರವರೇ ಆಡಿದ ಮಾತಿನಿಂದ ಉಳಿದದ್ದು ತಿಳಿಯಿತು. ಟೆಂಪೊ ಬೀರೇಶನದೇ. ಸೀರೆ ಸಾಗಿಸಲು ಬಾಡಿಗೆಗೆ ಹಿಡಿದಾಗ ಮಲ್ಲು ಅದಕ್ಕೆ ಡಬ್ಬಿ ಕೂಡಿಸಿದ್ದ. ಗಾಡಿಯಲ್ಲಿ ಸೀರೆ ಇರಲಿಲ್ಲ. ಮಲ್ಲುವಿನ ತಂಗಿ ಶ್ರುತಿ ಇದ್ದಳು. ಭಾನುವಾರ ಇಬ್ಬರೂ ಮದುವೆಯಾಗಿದ್ದರು.

ಕೆರೂರಿನಲ್ಲಿ ಸರಳು ಕಿವಿಗೆ ಒತ್ತಿದ್ದು ಆಗಲೇ.

ಎರರ್ ಸರಿ ಮಾಡುವವನಂತೆ ಸ್ಕ್ರಿಪ್ಟ್ ತೆರೆದೆ. ಉತ್ತರ ಏನೇ ಬರಲಿ, ಕುಳಗೇರಿ ಕ್ರಾಸ್ ಎಂದೇ ತೋರಿಸುವಂತೆ ಬರೆದೆ.

"ಸಿಕ್ತು. ಕುಳಗೇರಿ ಕ್ರಾಸ್. ಹುಬ್ಬಳ್ಳಿಗೆ ಹೊಂಟಾರ."

ಜೀಪು ಬಾದಾಮಿ ರಸ್ತೆ ಬಿಟ್ಟು ಹುಬ್ಬಳ್ಳಿ ರಸ್ತೆ ಹಿಡಿಯಿತು.

ಕುಳಗೇರಿ ಕ್ರಾಸಿನಲ್ಲಿ ಟೆಂಪೊ ಇರಲಿಲ್ಲ. ಮಲ್ಲು ಇಳಿದು ನಾಲ್ಕೂ ಕಡೆ ನೋಡಿದ. ಆಗ ಅವನ ಜೇಬಿನಲ್ಲಿ ಮೊಬೈಲ್ ಕುಂಯ್ ಎಂದಿತು.

ಅಂಗಡಿಯ ಕಂಪ್ಯೂಟರ್... ಅದನ್ನು ಮರೆತೇಬಿಟ್ಟಿದ್ದೆ.

ಮಲ್ಲು ಓದಿದ. ನನ್ನನ್ನು ನೋಡಿದ.

"ಪಟ್ಟದಕಲ್ಲು ಅಂತ ಬಂದೈತಲ್ಲೋ, ರಾಚಯ್ಯ."

ಸರಳು ಮೊಣಕೈಗೆ ಬಿತ್ತು. ಎರಡನೇ ಏಟು ಪಕ್ಕೆಗೆ. ಲ್ಯಾಪ್‌ಟಾಪ್, ಮೊಬೈಲ್ ಎರಡನ್ನೂ ಕಸಿದುಕೊಂಡು, ನನ್ನನ್ನು ಮಣ್ಣಿನಲ್ಲಿ ಬಿಟ್ಟು ಜೀಪು ಬಾದಾಮಿ ಕಡೆಗೆ ತಿರುಗಿತು.

ಚಹಾ ಅಂಗಡಿಯ ಕಾಯಿನ್ ಬಾಕ್ಸ್ ಫೋನಿನತ್ತ ಓಡಿದೆ. ಹುಬ್ಬಳ್ಳಿಯ ಆ ನಂಬರು ಬಾಯಿಪಾಠವಾಗಿತ್ತು.

"ಹುಸೇನಪೀರ, ಬೀರೇಶಗ ಫೋನ್ ಮಾಡ. ಪಟ್ಟದಕಲ್ಲು ಬಿಟ್ಟು ಹೋಗು ಅನ್ನು. ಗಾಡಿ ಬಂದ್ ಮಾಡಿಬಿಡು."

"ನೀವ ಅಲ್ರೀ... ತೆಗಿ ಅಂದಾವರು?"

"ಹೌದು. ನಾನ."

ಹುಸೇನಪೀರ ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಲೈನಿನಲ್ಲೇ ಇರಿಸಿಕೊಂಡು ಇನ್ನೊಂದು ಫೋನಿನಿಂದ ಮೂರು ಸಲ ಪ್ರಯತ್ನಿಸಿದ. "ಸ್ವಿಚ್ ಆಫ್ ಐತ್ರಿ. ಪೊಲೀಸರಿಗೆ ಹೇಳ್ತೇನಿ," ಎಂದು ಇಟ್ಟ.

ಚಹಾ ಅಂಗಡಿಯ ಅಲ್ಲಾಸಾಬ ಫೋನಿನ ಮಾತು ಕೇಳಿಸಿಕೊಂಡಿದ್ದ. ನನ್ನ ಕೈ ನೋಡಿ ಬೈಕಿನ ಚಾವಿ ತೆಗೆದ. "ನೀವು ಹಿಂದ ಕೂಡ್ರಿ. ನಾ ಹೊಡೀತೇನಿ."

ಬಾದಾಮಿ ದಾಟಿದೆವು. ಪ್ರತಿ ತಿರುವಿನಲ್ಲೂ ಆ ಜೀಪಿಗಾಗಿ ಕಣ್ಣು ಹಾಯಿಸಿದೆ. ಕಾಣಲಿಲ್ಲ.

ಪಟ್ಟದಕಲ್ಲಿನಲ್ಲಿ, ಹೊಳೆಯ ಕಡೆ ಹೋಗುವ ದಾರಿಯಲ್ಲಿ, ಟೆಂಪೊ ಇತ್ತು. ಮುಂದಿನ ಗಾಜು ಇರಲಿಲ್ಲ. ಊರವರು ಓಡಿ ಬಂದದ್ದರಿಂದ ಜೀಪು ಪರಾರಿಯಾಗಿತ್ತು. ಬೀರೇಶ ನೆಲದ ಮೇಲಿದ್ದ. ಬಲಗಾಲು ಕಾಲಿನಂತೆ ಇರಲಿಲ್ಲ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಶ್ರುತಿ.

ಇಪ್ಪತ್ತು ನಿಮಿಷ ತಡವಾಗಿತ್ತು. ಇಪ್ಪತ್ತೇ ನಿಮಿಷ...

ಯಾರದೋ ಟ್ರ್ಯಾಕ್ಸ್ ಗಾಡಿಯಲ್ಲಿ ಬೀರೇಶನನ್ನು ಬಾಗಲಕೋಟೆಯ ದವಾಖಾನೆಗೆ ಸಾಗಿಸಿದೆವು. ಜೀವ ಉಳಿಯಿತು. ಮೊಣಕಾಲಿನ ಕೆಳಗಿನದು ಉಳಿಯಲಿಲ್ಲ. ಮರುದಿನ ಹುನಗುಂದದ ಹತ್ತಿರ ಮಲ್ಲು ಪೊಲೀಸರಿಗೆ ಸಿಕ್ಕ.

ವಾರ್ಡಿನ ಹೊರಗೆ ಶ್ರುತಿ ನನ್ನ ಪಕ್ಕ ಬಂದು ಕೂತಳು.

"ಅಣ್ಣಾರ, ನೀವು ಸಿಗದಿದ್ರ ಇವರು ಉಳೀತಿದ್ದಿಲ್ಲ. ಏನ್ ಕೆಲಸ ಮಾಡ್ತೀರಿ?"

"ಕಂಪ್ಯೂಟರ್ ರಿಪೇರಿ ಮಾಡ್ತೇನವ್ವ. ಹುಡುಕೋ ಕೆಲಸಾನೂ ಮಾಡ್ತೇನಿ."

"ಹಂಗಾದ್ರ ನಂದೊಂದು ಕೆಲಸ ಐತ್ರಿ," ಎಂದಳು. "ನಾವು ಎಲ್ಲಿ ಅದೀವಿ ಅಂತ ನಮ್ಮಣ್ಣಗ ಯಾರು ತೋರಿಸಿಕೊಟ್ರು, ಅದನ್ನ ಹುಡುಕಿಕೊಡ್ರಿ."

ಬಾಯಿ ತೆರೆದೆ. ಹೇಳಬೇಕಾದದ್ದು ಒಂದೇ ಶಬ್ದ.

"ನೋಡ್ತೇನವ್ವ," ಎಂದೆ.

ಅಷ್ಟು ಸುಲಭದ ಕೇಸು ನನಗೆ ಬೇರೆ ಸಿಕ್ಕಿಲ್ಲ. ಇವತ್ತಿಗೂ ಮುಗಿಸಿಲ್ಲ.