ಅಪ್ಪನಿಗೆ ಬಂದ ಎಫ್

"ಈಗ ಮೊದಲನೇ ಸರದಿಗೆ ಬರೋಣ," ಎಂದಿತು ರೇಡಿಯೊ. "ಕ್ಯಾಚರ್ ಲಾಯ್ಡ್ ಕೆಸ್ಲರ್."

ಜೂನಿ ಸೂರ್ಯಕಾಂತಿ ಬೀಜ ಅಗಿಯುವುದನ್ನು ನಿಲ್ಲಿಸಿದಳು. ಲಾಯ್ಡ್ ಕೆಸ್ಲರ್ ಅಂದರೆ ಪಕ್ಕದಲ್ಲೇ ಕೂತು ಪಿಕಪ್ ಟ್ರಕ್ಕು ಓಡಿಸುತ್ತಿದ್ದ ಅವಳ ಅಪ್ಪ. ರೇಡಿಯೊ ಆರಿಸಲು ಅವನು ಕೈ ಚಾಚಿದ. ಜೂನಿ ಬಿಡಲಿಲ್ಲ.

"ಇರ್ಲಿ ಅಪ್ಪಾ, ನಿನ್ನ ವಿಷ್ಯಾನೇ ಹೇಳ್ತಿದಾರೆ."

"ಅದಕ್ಕೇ ಬೇಡ ಅಂದಿದ್ದು."

ಪ್ರತಿ ಬೇಸಿಗೆಯಲ್ಲೂ ಬೇಸ್‌ಬಾಲ್ ತಂಡಗಳು ಶಾಲೆ ಕಾಲೇಜಿನ ಹುಡುಗರನ್ನು ಸರದಿಯಂತೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಎಷ್ಟೋ ವರ್ಷ ಬಿಟ್ಟು, ಯಾರು ಏನಾದರು ಅಂತ ನೋಡಿ ಅಂಕ ಕೊಡುವುದು ಈ ರೇಡಿಯೊದವನ ಚಟ. ಉತ್ತರ ಪತ್ರಿಕೆ ಮುಂದಿಟ್ಟುಕೊಂಡು ಪರೀಕ್ಷೆ ಬರೆದರೆ ಯಾರು ತಾನೇ ಜಾಣರಲ್ಲ? ಇವತ್ತು ಅಪ್ಪನನ್ನು ಆರಿಸಿದ ವರ್ಷದ ಪಾಳಿ.

"ಹೆರನ್ಸ್ ತಂಡದವರ ಕಣ್ಣಿಗೆ ಏನಾಗಿತ್ತೋ. ಚೆಂಡೆಸೆಯೋದ್ರಲ್ಲಿ ಮೊರಾಲೆಸ್‌ನಂಥ ಪಿಚರ್ ಕೈಗೆ ಸಿಗೋ ಹಾಗಿದ್ದ. ಅವನನ್ನ ಬಿಟ್ಟು ಕೆಸ್ಲರ್‌ನ ಎತ್ಕೊಂಡ್ರು. ಚೆಂಡು ಸ್ವಲ್ಪ ತಿರುಗಿದ್ರೆ ಸಾಕು, ಪುಣ್ಯಾತ್ಮ ಬರೀ ಗಾಳಿಗೆ ಬ್ಯಾಟ್ ಬೀಸ್ತಿದ್ದ. ಎಫ್ ಕೊಡ್ತೀನಿ."

ಅಪ್ಪ ನಕ್ಕ. "ನಿಜಾನೇ ಹೇಳ್ದ. ಸ್ಕೂಲಲ್ಲಿ ಮ್ಯಾಥ್ಸ್‌ಗೂ ಅಷ್ಟೇ ಬಂದಿತ್ತು." ಹಾಗೆನ್ನುತ್ತ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡ.

ಹಿಂದಿನ ಸೀಟಿನಿಂದ ಓಟಿಸ್ ಕತ್ತು ಚಾಚಿದ. ಅಪ್ಪ ಕೋಚ್ ಆಗಿದ್ದ ಮಕ್ಕಳ ತಂಡದಲ್ಲಿ ಅವನೂ ಇದ್ದ. ಮೂವರೂ ಪ್ರಾಕ್ಟೀಸಿಗೆ ಹೊರಟಿದ್ದರು.

"ಕೋಚ್, ಎಫ್ ಅಂದ್ರೆ ಫೇಲ್ ಅಲ್ವಾ?"

ಪಾಪ, ಸುಮ್ಮನೆ ಕೇಳಿದ್ದ. ಆದರೆ ಜೂನಿಗೆ ಮೈಯೆಲ್ಲ ಉರಿಯಿತು.

"ನಿಂದೇನು ಮಹಾ? ನಮ್ಮಪ್ಪನ್ನ ಮೊದಲನೇ ಸರದೀಲಿ ಆರಿಸಿದ್ರು. ನಿನ್ನ ಆರಿಸಿದ್ದು ಕಟ್ಟಕಡೇಲಿ. ಯಾರಿಗೂ ಬೇಡವಾಗಿ ನಮ್ಮ ಟೀಮಿಗೆ ಬಂದಿದ್ದು ನೀನು."

ಅಪ್ಪ ರೇಡಿಯೊ ಆರಿಸಿಬಿಟ್ಟ.

ಮಕ್ಕಳ ಲೀಗಿನಲ್ಲೂ ಕೋಚ್‌ಗಳು ಸೇರಿ ಸರದಿಯಂತೆ ಮಕ್ಕಳನ್ನು ಆರಿಸುತ್ತಾರೆ. ಯಾರು ಎಷ್ಟನೆಯವರು ಎಂದು ಮಕ್ಕಳಿಗೆ ಮಾತ್ರ ಹೇಳಕೂಡದು. ಆ ಸಭೆ ಈ ಸಲ ಜೂನಿಯ ಮನೆ ಅಡುಗೆಕೋಣೆಯಲ್ಲೇ ನಡೆದಿತ್ತು. ಜೂನಿ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

"ಹೌದಾ ಕೋಚ್?" ಓಟಿಸ್ ಕೇಳಿದ.

ಅಪ್ಪ ಕನ್ನಡಿಯಲ್ಲಿ ಅವನ ಮುಖ ನೋಡಿದ. "ಹೌದು ಕಣೋ."

"ಹಂಗಾದ್ರೆ... ನನ್ನ ಮನೆಗೆ ಬಿಟ್ಬಿಡ್ತೀರಾ?"

"ಬೇಕೇ ಬೇಕು ಅಂದ್ರೆ ಬಿಡ್ತೀನಿ. ನಾನಂತೂ ಗ್ರೌಂಡಿಗೆ ಹೋಗೋನೆ, ಎಫ್ ಬಂದ್ರೂ."

ಟ್ರಕ್ಕು ಸಿಗ್ನಲ್ ದಾಟಿತು. ಓಟಿಸ್ ಯೋಚಿಸುತ್ತಿದ್ದ.

"ಕೋಚ್, ನಾನು ಕಟ್ಟಕಡೆಯೋನು ಅಂದ್ರೆ, ನನ್ನ ಬಿಟ್ರೆ ಬೇರೆ ಯಾರೂ ಉಳಿದಿರ್ಲಿಲ್ಲ ತಾನೆ?"

"ಯಾರೂ ಇರ್ಲಿಲ್ಲ."

"ಹಂಗಾದ್ರೆ ನನ್ನ ಬದಲು ಇನ್ನೊಬ್ಬನ್ನ ಆರಿಸ್ಬೇಕಿತ್ತು ಅಂತ ಯಾವ ರೇಡಿಯೊದೋನೂ ಹೇಳಂಗಿಲ್ಲ."

ಅಪ್ಪ ಸ್ಟೀರಿಂಗ್ ಬಡಿದು ನಕ್ಕ. ಜೂನಿಯೂ ನಗುತ್ತ ಹಿಂದೆ ತಿರುಗಿದಳು. ಓಟಿಸ್‌ನ ಬಾಯಿ ನಗುತ್ತಿತ್ತು. ಟೋಪಿ ಮಾತ್ರ ಹುಬ್ಬಿನವರೆಗೂ ಇಳಿದಿತ್ತು.

ಜೂನಿ ಅಪ್ಪನ ಟೋಪಿ ನೋಡಿದಳು. ಮತ್ತೆ ಓಟಿಸ್‌ನ ಟೋಪಿ ನೋಡಿದಳು. ಅವಳಿಗೆ ನಗು ನಿಂತುಹೋಯಿತು. ತುಂಬಾ ನಾಚಿಕೆಯಾಯಿತು.

"ಸಾರಿ ಕಣೋ," ಎಂದಳು.

"ಹ್ಞೂಂ," ಎಂದ ಓಟಿಸ್. ಟೋಪಿ ಮೇಲೇರಲಿಲ್ಲ. ಆದರೆ ಮನೆಗೆ ಹೋಗುವ ಮಾತನ್ನೂ ಅವನು ಮತ್ತೆ ಎತ್ತಲಿಲ್ಲ.

ಪ್ರಾಕ್ಟೀಸ್ ಮುಗಿಯಿತು. ಮುಂದಿನ ಸೀಟು ಹಿಡಿಯುವುದರಲ್ಲಿ ಜೂನಿಯನ್ನು ಸೋಲಿಸಿದವರೇ ಇರಲಿಲ್ಲ. ಅವತ್ತು ಅವಳು ಹಿಂದಿನ ಬಾಗಿಲು ತೆಗೆದು ಹತ್ತಿದಳು.

"ಇವತ್ತು ಮುಂದೆ ನೀನು ಕೂತ್ಕೊ," ಎಂದಳು.

ಓಟಿಸ್ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. "ಕೋಚ್, ರೇಡಿಯೊ ಹಾಕ್ಲಾ?"

"ಹಾಡು ಬರೋ ಸ್ಟೇಷನ್ ಹಾಕು," ಎಂದಳು ಜೂನಿ, ಅಪ್ಪ ಬಾಯಿ ತೆರೆಯುವ ಮೊದಲೇ.

ಕಿಟಕಿಯಿಂದ ಗಾಳಿ ನುಗ್ಗಿತು. ಹಾರಿಹೋಗದಿರಲಿ ಎಂದು ಓಟಿಸ್ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿಕೊಂಡ. ಅವನನ್ನು ನೋಡಿ ಅಪ್ಪನೂ ಹಾಗೇ ಮಾಡಿದ. ಈಗ ಎರಡೂ ಟೋಪಿಗಳ ಮೂತಿ ಜೂನಿಯ ಕಡೆಗೇ ಇತ್ತು.

ಅವಳು ಬೀಜದ ಪೊಟ್ಟಣವನ್ನು ಇಬ್ಬರ ನಡುವೆ ಚಾಚಿ ಹಿಡಿದಳು.