ಕಪ್ಪತಗುಡ್ಡದ ಹುಡೇವು

ಮುಂಡರಗಿಯ ಕನಕರಾಯನ ಗುಡ್ಡ ಹತ್ತುವಾಗ ಹೊನ್ನೇಶ ದಾರಿಯುದ್ದಕ್ಕೂ ಗುಂಪಿನಲ್ಲಿದ್ದ ಒಬ್ಬ ಹುಡುಗಿಯನ್ನು ಮಾತಾಡಿಸಿದ. ಒಂದಕ್ಕೂ ಉತ್ತರ ಬರಲಿಲ್ಲ.

"ಮೊದಲನೇ ಸಲ ಬಂದೀರೇನ್ರಿ?" ಎಂದ. ಅವಳು ಸುಮ್ಮನೆ ನಡೆದಳು. "ನೀರು ಬೇಕೇನ್ರಿ?" ಎಂದು ಬಾಟಲಿ ಚಾಚುವಷ್ಟರಲ್ಲಿ ಮುಂದಿನ ಕಲ್ಲಿಗೆ ಕಾಲಿಟ್ಟಿದ್ದಳು. ಕೋಟೆಯ ಮುರುಕು ಗೋಡೆಯ ಹತ್ತಿರ ಪಕ್ಕದಲ್ಲೇ ನಿಂತು, "ಗಾಳಿ ಭಾಳ ಚಲೋ ಐತ್ರಿ ಇಲ್ಲೆ" ಎಂದ. ಅವಳು ಕೆಳಗಿನ ಹೊಲಗಳನ್ನು ನೋಡುತ್ತಲೇ ಇದ್ದಳು.

ಸೊಕ್ಕಿನಾಕಿ, ಎಂದುಕೊಂಡ ಹೊನ್ನೇಶ. ಸಿಟ್ಟಿನಲ್ಲಿ ಮುಂದೆ ಹೋಗಿಬಿಟ್ಟ. ಆದರೂ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದ. ಬೆವರಿದ ಕೆನ್ನೆಗೆ ಕೂದಲೆಳೆ ಅಂಟಿತ್ತು. ಬಾಗಿಲವಾಡದ ಕೆತ್ತನೆಯನ್ನು ಅವಳು ಒಂದೇ ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದಳು, ಮಲಗಿದ ಕೂಸಿನ ಹುಬ್ಬು ತೀಡುವವರ ಹಾಗೆ.

ಗದಗಿನ ನಿವೃತ್ತ ಮಾಸ್ತರ ಗವಿಸಿದ್ದಪ್ಪನವರು ಭಾನುವಾರ ಬಂತೆಂದರೆ ಆಸಕ್ತರನ್ನು ಟೆಂಪೊದಲ್ಲಿ ಕೂರಿಸಿಕೊಂಡು ಸುತ್ತಲಿನ ಹಳೆಯ ಕೋಟೆ, ಗುಡಿ, ಗುಡ್ಡ ತೋರಿಸಲು ಹೊರಡುತ್ತಿದ್ದರು. ಹೊನ್ನೇಶ ಬೆಳ್ಳಟ್ಟಿಯ ಒಕ್ಕಲುತನದ ಮನೆಯವನು. ಶಿರಹಟ್ಟಿಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದ. ಅವನು ಮಾತಾಡಿಸಿದ ಹುಡುಗಿ ಅಂಕಿತಾ, ಬೆಟಗೇರಿಯ ನೇಕಾರರ ಮನೆಯವಳು. ಕಂಪ್ಯೂಟರಿನಲ್ಲಿ ಸೀರೆಯ ಅಂಚು, ಸೆರಗುಗಳಿಗೆ ಡಿಸೈನ್ ಮಾಡುತ್ತಿದ್ದಳು. ಹಳೆಯ ಕಲ್ಲುಗಳಲ್ಲಿ ಹೊಸ ಅಂಚು ಹುಡುಕುವುದಕ್ಕೇ ಈ ಗುಂಪಿಗೆ ಸೇರಿದ್ದಳು.

ಮುಂದಿನ ಭಾನುವಾರ ಡಂಬಳ. ಕೆರೆಯ ಗಾಳಿಗೆ ಮೈಯೊಡ್ಡಿ ಎಲ್ಲರೂ ಬುತ್ತಿ ಬಿಚ್ಚಿದ್ದರು. ಹೊನ್ನೇಶ ಅವಳ ಎದುರಿಗೆ ಕೂತು, ಬೇಕೆಂದೇ ಎಲ್ಲರಿಗೂ ಕೇಳುವಂತೆ ಹೇಳಿದ: "ಕೆಲವ್ರು ಮಾತಾಡಿದ್ರ ಮುತ್ತು ಉದುರ್ತಾವ್ರಿ ಮಾಸ್ತರ. ಅದಕ್ಕ ಬಾಯಿ ಬಿಡಂಗಿಲ್ಲ."

ಅಂಕಿತಾ ತಲೆ ಎತ್ತಿದಳು. "ಮುತ್ತಿಲ್ರಿ, ಬಾಯಾಗ ರೊಟ್ಟಿ ಐತಿ. ಉದುರಿದ್ರ ನೀವ ಆರಸ್ಬೇಕಾಕ್ಕೈತಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹೊನ್ನೇಶನೇ. ಅವಳು ತನ್ನ ಬುತ್ತಿಯ ಶೇಂಗಾ ಚಟ್ನಿಯನ್ನು ಅವನತ್ತ ಸರಿಸಿದಳು. ಹಾಗೆ ಸರಿಸುವಾಗ ಅವನ ಕಣ್ಣನ್ನು ನೋಡಲಿಲ್ಲ. ಸರಿಸಿಯಾದ ಮೇಲೆ ನೋಡಿದಳು.

ಅಂದಿನಿಂದ ಇಬ್ಬರ ಮಾತುಕತೆ ಬೆಳೆಯಿತು. ಡಂಬಳದ ಗುಡಿಯ ಹೊರಗೋಡೆಯ ಮೂಲೆಗಳು ನಕ್ಷತ್ರದಂತೆ ಒಳಹೊರಗೆ ಮಡಚಿಕೊಂಡಿರುವುದನ್ನು ಅವಳು ಮೊಬೈಲಿನಲ್ಲಿ ಹಿಡಿದು, "ಇದನ್ನ ಇಳಕಲ್ ಕೆಂಪಿನ ಮ್ಯಾಲ ತಂದ್ರ ಹೆಂಗಿರ್ತೈತಿ?" ಎಂದು ಕೇಳುವಳು. ಇವನಿಗೆ ಅಂಚಿನ ಬಗ್ಗೆ ಏನೂ ತಿಳಿಯದು. "ಉಟ್ಟವರ ಮ್ಯಾಲ ಐತ್ರಿ" ಎನ್ನುವನು. ಅವಳು ನಗು ನುಂಗಿಕೊಂಡು ಫೋನಿನತ್ತ ಬಾಗುವಳು. ಒಂದೇ ವಿಚಿತ್ರ. ಕೂರುವಾಗ, ನಡೆಯುವಾಗ ಅವಳು ಯಾವಾಗಲೂ ಸುತ್ತುಹಾಕಿ ಅವನ ಎಡಕ್ಕೇ ಬರುವಳು. ಅದು ತನಗೆ ಮಾತ್ರ ಸಿಕ್ಕ ಸಲಿಗೆ ಎಂದುಕೊಂಡು ಹೊನ್ನೇಶ ಒಳಗೊಳಗೇ ಹಿಗ್ಗಿದ.

ಮಳೆ ಬಂದು ಕಪ್ಪತಗುಡ್ಡ ಹಸುರಾದಾಗ ಗವಿಸಿದ್ದಪ್ಪನವರು ಎಲ್ಲರನ್ನೂ ಅಲ್ಲಿಗೆ ಕರೆದೊಯ್ದರು. ಹುಲ್ಲಿನ ನಡುವೆ ಸಣ್ಣ ಕಾಲುದಾರಿ. ದೂರದ ಗುಡ್ಡಗಳ ಏಣುಗಳ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಒಂದು ಹುಡೇವು ಕಾಣಿಸಿತು. ಹಿಂದಿನ ಕಾಲದಲ್ಲಿ ಕಾವಲಿನವರು ನಿಂತು ನೋಡುತ್ತಿದ್ದ ದುಂಡನೆಯ ಕಲ್ಲುಕಟ್ಟಡ. ಅರ್ಧ ಕುಸಿದಿತ್ತು. ಉಳಿದವರು ನೆರಳು ಹುಡುಕಿ ಕೂತರು. ಅಂಕಿತಾ ಫೋಟೊ ತೆಗೆಯಲು ಮೇಲೆ ಹತ್ತಿದಳು. ಹೊನ್ನೇಶನೂ ಹಿಂದೆಯೇ ಹತ್ತಿದ.

ಅವಳು ಅಂಚಿನ ಹತ್ತಿರ ನಿಂತಿದ್ದಳು. ಅವಳ ಕಾಲಬಳಿಯ ಕಲ್ಲು ಅಲುಗಿದ್ದು ಅವನಿಗೆ ಕಂಡಿತು.

"ಅಂಕಿತಾ! ಬಲಕ್ಕ ಸರೀಬ್ಯಾಡ್ರಿ, ಕಲ್ಲು ಸಡ್ಲ ಐತಿ!"

ಗಾಳಿಯಲ್ಲಿ ಅವಳಿಗೆ ಹೆಸರಷ್ಟೇ ಕೇಳಿಸಿತು. ಕರೆದವನು ಹಿಂದಿದ್ದರೂ ಅವಳು ಬಲಕ್ಕೆ ತಿರುಗಿದಳು. ತಿರುಗಿ ನೇರ ಆ ಕಲ್ಲಿನ ಮೇಲೇ ಕಾಲಿಟ್ಟಳು. ಕಲ್ಲು ಉರುಳಿತು. ಹೊನ್ನೇಶ ಜಿಗಿದು ಅವಳ ತೋಳು ಹಿಡಿದು ಒಳಕ್ಕೆ ಎಳೆದ. ಇಬ್ಬರೂ ಕಲ್ಲುಗಳ ನಡುವೆ ಬೆಳೆದ ಹುಲ್ಲಿನ ಮೇಲೆ ಬಿದ್ದರು.

ಹೆದರಿಕೆಗೆ ಅವನ ಬಾಯಿಂದ ಮಾತು ಹೊರಬಿತ್ತು. "ಕಿವುಡಿ ಇದ್ದೀರೇನ್ರಿ ನೀವು?"

ಅಂಕಿತಾ ಎದ್ದು ಕೂತು ಓಢಣಿ ಸರಿಮಾಡಿಕೊಂಡಳು. "ಹೌದ್ರಿ" ಎಂದಳು. "ಎಡಗಿವಿ ಕೇಳಂಗಿಲ್ಲ. ಸಣ್ಣಾಕಿ ಇದ್ದಾಗ ಮಂಗನಬಾವು ಬಂದಿತ್ತು. ಬಾವು ಇಳೀತು, ಕಿವಿ ಹೋತು. ಒಂದ ಕಿವಿಗೆ ದನಿ ಯಾ ಕಡಿಂದ ಬಂತು ಅನ್ನೂದು ತಿಳ್ಯಂಗಿಲ್ರಿ."

"ಮುಂಡರಗ್ಯಾಗ ನಾ ನಿಮ್ಮ ಎಡಕ್ಕ ನಡದಿದ್ನಿ" ಎಂದ ಹೊನ್ನೇಶ.

"ಏನರ ಅಂದಿದ್ರೇನು?"

"ಗಾಳಿ ಚಲೋ ಐತಿ ಅಂದಿದ್ನಿ."

ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. "ಒಂದ ಸಂಬಂಧ ನಿಶ್ಚೆ ಆಗಿ ಮುರದೈತ್ರಿ, ಇದ ಕಾರಣಕ್ಕ. ಬರೂ ಗುರುವಾರ ಲಕ್ಷ್ಮೇಶ್ವರದವ್ರು ನೋಡಾಕ ಬರ್ತಾರ. ಬಾಯಿ ಬಿಡಬ್ಯಾಡ ಅಂದಾಳ ಅವ್ವ."

"ಹಂಗಾದ್ರ ಅವ್ರು ಯಾಕ? ನಾನ ಲಗ್ನ ಆಗ್ತೀನಿ."

ಅವಳ ಮುಖ ಬಿಗಿಯಾಯಿತು. "ಬೀಳೂ ಮುಂದ ಹಿಡದ್ರಿ, ಉಪಕಾರ ಆತು. ಅದ ಹುರುಪಿನ್ಯಾಗ ಇದನ್ನೂ ಅನಬ್ಯಾಡ್ರಿ. ಕನಿಕರದ ಗಂಡ ನನಗ ಬ್ಯಾಡ."

ಹಿಂತಿರುಗುವಾಗ ಅವಳು ಡ್ರೈವರನ ಪಕ್ಕ ಕೂತಳು. ಟೆಂಪೊ ಗದಗ ಮುಟ್ಟುವವರೆಗೂ ಹಿಂತಿರುಗಿ ನೋಡಲಿಲ್ಲ.

ಆ ವಾರ ಹೊನ್ನೇಶ ಅಂಗಡಿಯಲ್ಲಿ ಕೂತಿದ್ದಷ್ಟೇ. ಗುರುವಾರ ಒಬ್ಬ ರೈತನಿಗೆ ಬೇರೆ ಅಳತೆಯ ಪೈಪು ಕೊಟ್ಟು ಬೈಸಿಕೊಂಡ. ಅವಳು ಹೇಳಿದ್ದು ಖರೇ ಏನು, ಇದು ಬರೀ ಕನಿಕರವೇನು ಎಂದು ತನ್ನನ್ನೇ ಕೇಳಿಕೊಂಡ. ಭಾನುವಾರ ಅವಳು ಬರಲಿಲ್ಲ. ಅವತ್ತು ನೋಡಿದ ಕೋಟೆಯ ಬಗ್ಗೆ ಗವಿಸಿದ್ದಪ್ಪನವರು ಏನೇನು ಹೇಳಿದರೋ, ಒಂದೂ ಅವನ ತಲೆಗೆ ಹೋಗಲಿಲ್ಲ. ಸಂಜೆ ಅಂಕಿತಾಳಿಗೆ ಫೋನ್ ಮಾಡಿದ.

"ಏನೂ ಕೇಳಾಂಗಿಲ್ರಿ, ಒಂದ ಮಾತು ಹೇಳ್ತೀನಿ" ಎಂದ. "ನನಗ ಮೊದ್ಲ ಬಂದದ್ದು ಕನಿಕರ ಅಲ್ರಿ, ಸಿಟ್ಟು. ನೀವು ಮಾತಾಡ್ಲಿಲ್ಲ ಅಂತ ಒಂದು ವಾರ ಉರದೀನಿ. ದಿನಾ ಎಷ್ಟೋ ಮಂದಿ ನನ್ನ ಮಾತಿಗೆ ಓ ಅನ್ನಂಗಿಲ್ಲ. ಅವ್ರ ಮ್ಯಾಲ ನಾ ಉರ್ಯಾಂಗಿಲ್ರಿ."

ಆ ಕಡೆ ಮಗ್ಗದ ಸದ್ದು ಜೋರಾಗಿತ್ತು. ಆಮೇಲೆ ಬಾಗಿಲು ಮುಚ್ಚಿದ ಸದ್ದು. ಮಗ್ಗ ದೂರವಾಯಿತು.

"ಗುರುವಾರ ಅವ್ರು ಬಂದಿದ್ರು" ಎಂದಳು ಅಂಕಿತಾ. "ನಾನ ಹೇಳಿಬಿಟ್ನಿ, ಕಿವಿ ಹಿಂಗ ಐತಿ ಅಂತ. ಚಾ ಕುಡದು ಎದ್ದು ಹೋದ್ರು. ಅವತ್ತಿನಿಂದ ಅವ್ವ ನನ್ನ ಕೂಡ ಮಾತು ಬಿಟ್ಟಾಳ. ಮನಿಗೆ ಬರ್ತೀರೇನ್ರಿ?"

ಎರಡು ದಿನ ಬಿಟ್ಟು ಹೊನ್ನೇಶ ಬೆಟಗೇರಿಗೆ ಹೋದ. ಮೊದಲು ತನ್ನ ಮನೆಯಲ್ಲಿ ಮಾತಾಡಿಯೇ ಹೋದ. ಅಂಕಿತಾಳ ತಾಯಿ ಬನಶಂಕರೆವ್ವ ಬಾಗಿಲಲ್ಲಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಬರ್ರಿ, ಕುಂಡ್ರಿ" ಎಂದಳು. ಮುಖ ಸಡಿಲಾಗಲಿಲ್ಲ. ಅಂಕಿತಾ ಚಾ ತಂದು ಬಾಗಿದಾಗ ಅವಳ ಎಡಗಡೆ ಕೂತಿದ್ದ ಅವನು, ಮರೆತು, "ಆರಾಮ ಇದ್ದೀರೇನ್ರಿ?" ಎಂದು ಮೆಲ್ಲಗೆ ಕೇಳಿದ. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಅವಳಿಗೆ ತಿಳಿಯಲೇ ಇಲ್ಲ.

ಬನಶಂಕರೆವ್ವ ಗಡಿಬಿಡಿಯಿಂದ ನಡುವೆ ಬಂದಳು. "ಆರಾಮ ಅದಾಳಪಾ. ಆಕಿಗೆ ನಾಚಿಕಿ ಭಾಳ."

"ಅವ್ವಾರ" ಎಂದ ಹೊನ್ನೇಶ, "ನಾಚಿಕಿ ಅಲ್ರಿ ಅದು. ನನಗ ಗೊತ್ತೈತಿ. ಗೊತ್ತಿದ್ದ ಬಂದೀನಿ."

ಬನಶಂಕರೆವ್ವ ನಿಂತಲ್ಲೇ ನಿಂತಳು. ಮಗಳತ್ತ ನೋಡಿದಳು, ಅವನತ್ತ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಸಾಲಿಗೆ ಹೋಗೂ ಮುಂದ ಹಿಡದು ಆಕಿ ಎಡಕ್ಕ ನಾನ ನಿಂತೀನಪಾ" ಎಂದಳು. "ಯಾರೂ ಆ ಕಡೆ ಬರದಂಗ. ಮದಿವಿ, ಮುಂಜಿವಿ, ಸಂತಿ, ಎಲ್ಲಾ ಕಡೆ."

"ಇನ್ನ ಕುಂಡ್ರಿ ಅವ್ವಾರ" ಎಂದ ಹೊನ್ನೇಶ. "ಭಾಳ ನಿಂತೀರಿ."

ಅವಳು ಕೂತಳು. ಕೂತು ಅತ್ತಳು. ಅಂಕಿತಾ ಬಂದು ತಾಯಿಯ ಬೆನ್ನಿಗೆ ಒರಗಿದಳು. ಮಾತು ಬಿಟ್ಟಿದ್ದ ತಾಯಿ ಮಗಳ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

ಆಮೇಲೆ ಬನಶಂಕರೆವ್ವ ಕಣ್ಣೊರೆಸಿಕೊಂಡು ಕೇಳಿದಳು: "ನಾವು ಮಗ್ಗದ ಮಂದಿ, ನೀವು ಹೊಲದ ಮಂದಿ. ನಿಮ್ಮ ಮನ್ಯಾಗ ಒಪ್ಪತಾರೇನು?"

"ಅಪ್ಪ ಒಂದು ದಿನ ಉಣ್ಲಿಲ್ರಿ. ನಿನ್ನೆ ಉಂಡಾನ. ನಮ್ಮವ್ವ ಸೋಮವಾರ ತಾನ ಬರ್ತಾಳಂತ. ಹೊಲದಾಗ ನಿಂತು ಊರಾಗಿನವ್ರನ್ನ ಕರೆಯಾಕಿ ಆಕಿ. ಮೆಲ್ಲಕ ಮಾತಾಡು ಅಂತ ನೀವ ಹೇಳ್ಬೇಕಾಕ್ಕೈತಿ."

ಬನಶಂಕರೆವ್ವನ ಅಳು ನಡುವೆಯೇ ನಗುವಾಯಿತು. "ಚಾ ಆರೇತಿ, ಮತ್ತ ಮಾಡ್ತೀನಿ" ಎನ್ನುತ್ತ ಒಳಗೆ ಹೋದಳು.

ಹೊರಡುವಾಗ ಅಂಕಿತಾ ಬಸ್‌ಸ್ಟಾಪಿನವರೆಗೆ ಬಂದಳು. ಬಿಸಿಲು ಇಳಿದಿತ್ತು. ಓಣಿಯ ಕಟ್ಟೆಗಳ ಮೇಲೆ ಹೆಂಗಸರು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಇವರನ್ನೇ ನೋಡುತ್ತಿದ್ದರು. ಅವಳು ತಲೆ ತಗ್ಗಿಸಲಿಲ್ಲ.

"ಒಂದ ಮಾತು ಕೇಳ್ಲೇನು?" ಎಂದ. "ನೀ ನನ್ನ... ಅಲ್ಲ, ನೀವು ನನ್ನ..."

"ಮೊದ್ಲ ಅಂದದ್ದ ಇರ್ಲಿ" ಎಂದಳು.

"ನೀ ನನ್ನ ಲಗ್ನ ಆಗ್ತೀಯೇನು?"

"ಆಗ್ತೀನಿ" ಎಂದಳು ಅಂಕಿತಾ. ಆಮೇಲೆ, ಮೊದಲ ಸಲ ಬಾಯಿಗೆ ಬಂದ ಹಣ್ಣನ್ನು ರುಚಿ ನೋಡುವವಳ ಹಾಗೆ, "ನೀ ಕೇಳ್ದಿ ಅಂತಲ್ಲ. ನನಗೂ ನೀನ ಬೇಕಾಗಿದ್ದಿ" ಎಂದಳು.

ಶಿರಹಟ್ಟಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ. ಹೊನ್ನೇಶ ಅಲುಗಾಡಲಿಲ್ಲ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಯಿತು.

"ಹೋತಲ್ಲೋ" ಎಂದಳು ಅವಳು, ನಗುತ್ತ.

"ಹೋಗ್ಲಿ" ಎಂದ.